ಸಣ್ಣ ಊರಿನ ನರ್ಸ್ ಪ್ರಾಕ್ಟೀಷನರ್‌ಗೆ ವೈದ್ಯರ ಸಹಿ ಬೇಕೇ? ಪರ–ವಿರೋಧ

ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಎಂದರೆ ನರ್ಸಿಂಗ್ ಪದವಿಯ ಮೇಲೆ ಸ್ನಾತಕೋತ್ತರ ಶಿಕ್ಷಣವನ್ನೂ ರಾಷ್ಟ್ರಮಟ್ಟದ ಪರೀಕ್ಷೆಯನ್ನೂ ಮುಗಿಸಿ, ಹಸುಗೂಸಿನಿಂದ ವೃದ್ಧರವರೆಗೆ ಎಲ್ಲ ವಯಸ್ಸಿನವರ ರೋಗನಿರ್ಣಯ ಮಾಡುವ, ಔಷಧ ಬರೆಯುವ ನರ್ಸ್. ಅಮೆರಿಕದಲ್ಲಿ ಪರವಾನಗಿ ಪಡೆದ ನರ್ಸ್ ಪ್ರಾಕ್ಟೀಷನರ್‌ಗಳ ಸಂಖ್ಯೆ ಮೂರೂವರೆ ಲಕ್ಷವನ್ನು ಮೀರಿದೆ. ಅವರಲ್ಲಿ ಹೆಚ್ಚಿನವರು ತರಬೇತಿ ಪಡೆದಿರುವುದು ಈ ಕುಟುಂಬ ವಿಭಾಗದಲ್ಲೇ. ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅವರು, ಕೆಲವೆಡೆ ಆರಂಭದ ಒಂದಷ್ಟು ಅನುಭವದ ನಂತರ, ವೈದ್ಯರ ಹಂಗಿಲ್ಲದೆ ಸ್ವಂತ ಕ್ಲಿನಿಕ್ ನಡೆಸಬಹುದು. ಟೆಕ್ಸಾಸ್, ಜಾರ್ಜಿಯಾದಂಥ ರಾಜ್ಯಗಳಲ್ಲಿ ಮಾತ್ರ ವೈದ್ಯರೊಬ್ಬರ ಜೊತೆ ಲಿಖಿತ ಒಪ್ಪಂದವಿಲ್ಲದೆ ಒಂದು ಆ್ಯಂಟಿಬಯೋಟಿಕ್ ಚೀಟಿಯನ್ನೂ ಬರೆಯುವಂತಿಲ್ಲ. ವೈದ್ಯರೇ ಇಲ್ಲದ ಸಣ್ಣ ಊರುಗಳ ಮಟ್ಟಿಗಾದರೂ ಈ ಒಪ್ಪಂದದ ಷರತ್ತನ್ನು ಕೈಬಿಡಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ದೂರದ ಸಹಿಯಿಂದ ರೋಗಿಗೆ ರಕ್ಷಣೆಯಿಲ್ಲ

ಕಾಗದದ ಮೇಲಿನ ಮೇಲ್ವಿಚಾರಣೆ ವಾಸ್ತವದಲ್ಲಿ ಏನಾಗಿದೆ ಎಂಬುದನ್ನು ಮೊದಲು ನೋಡಬೇಕು. ಟೆಕ್ಸಾಸ್‌ನ ಕಾನೂನಿನ ಪ್ರಕಾರ ಒಪ್ಪಂದಕ್ಕೆ ಸಹಿ ಹಾಕುವ ವೈದ್ಯರು ಅದೇ ಊರಿನಲ್ಲಿ ಇರಬೇಕಾಗಿಲ್ಲ, ರೋಗಿಯನ್ನು ನೋಡಬೇಕಾಗಿಲ್ಲ. ನಿಯತವಾಗಿ ಸಮಾಲೋಚಿಸಿ ಕೆಲವು ಕಡತಗಳನ್ನು ಪರಿಶೀಲಿಸಿದರೆ ಸಾಕು. ಒಬ್ಬ ವೈದ್ಯ ಹೀಗೆ ಏಳು ಜನರ ಹೊಣೆ ಹೊರಬಹುದೆಂಬ ಮಿತಿ ಇದೆ. ಆದರೆ ವೈದ್ಯಕೀಯ ಸೌಲಭ್ಯ ವಂಚಿತ ಜನರಿಗೆ ಸೇವೆ ಸಲ್ಲಿಸುವ ಕ್ಲಿನಿಕ್‌ಗಳಿಗೆ ಈ ಏಳರ ಮಿತಿಯೂ ಅನ್ವಯಿಸುವುದಿಲ್ಲ. ಮೇಲ್ವಿಚಾರಣೆಯಿಂದಲೇ ರೋಗಿಗಳ ಪ್ರಾಣ ಉಳಿಯುತ್ತದೆ ಎಂದು ಶಾಸಕರು ನಿಜವಾಗಿ ನಂಬಿದ್ದರೆ, ಅತ್ಯಂತ ಬಡ ರೋಗಿಗಳಿರುವ ಕಡೆಯೇ ಅದನ್ನು ಸಡಿಲಿಸಲು ಅವರಿಗೆ ಮನಸ್ಸು ಹೇಗೆ ಬಂದಿತು? ತಾನು ಬರೆದ ಮಾತನ್ನು ಈ ಕಾನೂನು ತಾನೇ ನಂಬಿಲ್ಲ ಎನ್ನದೆ ವಿಧಿಯಿಲ್ಲ.

ನಂಬಿಕೆ ಇಲ್ಲದ ಈ ಏರ್ಪಾಡಿಗೆ ಬೆಲೆ ಮಾತ್ರ ಇದೆ. ಸ್ವಂತ ಕ್ಲಿನಿಕ್ ಇಟ್ಟುಕೊಂಡ ನರ್ಸ್ ಪ್ರಾಕ್ಟೀಷನರ್ ಆ ಸಹಿಗಾಗಿ ವೈದ್ಯರಿಗೆ ತಿಂಗಳಿಗೆ ನೂರಾರು ಡಾಲರ್, ಕೆಲವೊಮ್ಮೆ ಸಾವಿರಕ್ಕೂ ಮಿಗಿಲಾಗಿ ಕೊಡಬೇಕಾಗುತ್ತದೆ. ಅತ್ತ ಮುಖ್ಯವಾಗಿ ವೃದ್ಧರಿಗಾಗಿ ಒಕ್ಕೂಟ ಸರ್ಕಾರ ನಡೆಸುವ ಮೆಡಿಕೇರ್ ವಿಮೆ ಅದೇ ಸೇವೆಗೆ ವೈದ್ಯರಿಗೆ ಕೊಡುವ ದರದ ಶೇ. 85ರಷ್ಟನ್ನು ಮಾತ್ರ ಅವರಿಗೆ ಪಾವತಿಸುತ್ತದೆ. ಸಹಿ ಹಾಕಿದ ವೈದ್ಯರು ನಿವೃತ್ತರಾದರೆ, ತೀರಿಕೊಂಡರೆ ಅಥವಾ ಒಪ್ಪಂದ ಸಾಕೆಂದರೆ, ಹೊಸಬರು ಸಿಗುವವರೆಗೆ ನರ್ಸ್ ಔಷಧ ಬರೆಯುವಂತಿಲ್ಲ. ನಿನ್ನೆಯವರೆಗೆ ಇನ್ಸುಲಿನ್ ಪ್ರಮಾಣ ನಿರ್ಧರಿಸುತ್ತಿದ್ದವರಿಗೆ ಇಂದು ಆ ಅಧಿಕಾರವಿಲ್ಲ, ಅವರ ತಿಳಿವಳಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಆಗಿರದಿದ್ದರೂ.

ಈ ವೃತ್ತಿ ಹುಟ್ಟಿದ್ದೇ ವೈದ್ಯರಿಲ್ಲದ ಕಡೆಗಾಗಿ. ಕೆಂಟಕಿಯ ಗುಡ್ಡಗಾಡಿನಲ್ಲಿ ಮೇರಿ ಬ್ರೆಕಿನ್‌ರಿಜ್ 1925ರಲ್ಲಿ ಆರಂಭಿಸಿದ ಸೇವೆಯಲ್ಲಿ ನರ್ಸ್‌ಗಳು ಕುದುರೆಯೇರಿ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದರು. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿಯನ್ನು ರೂಪಿಸಿದರು. ನರ್ಸ್ ಮತ್ತು ವೈದ್ಯರು ಎದುರಾಳಿಗಳಾಗಿ ಅಲ್ಲ, ಜೊತೆಗೂಡಿ ಇದನ್ನು ಕಟ್ಟಿದರು ಎಂಬುದನ್ನು ಇಂದಿನ ಜಗಳದಲ್ಲಿ ಇಬ್ಬರೂ ಮರೆತಂತಿದೆ. 1977ರ ಗ್ರಾಮೀಣ ಆರೋಗ್ಯ ಕ್ಲಿನಿಕ್ ಕಾಯಿದೆ ಇನ್ನೂ ಮುಂದೆ ಹೋಗಿ, ಹೆಚ್ಚಿನ ದರದ ಪಾವತಿ ಬೇಕೆನ್ನುವ ಹಳ್ಳಿಯ ಕ್ಲಿನಿಕ್ ಇಂಥ ಸಿಬ್ಬಂದಿಯನ್ನು ಇಟ್ಟುಕೊಳ್ಳಲೇಬೇಕು ಎಂದಿತು. ಕ್ಲಿನಿಕ್ ತೆರೆದಿರುವ ಅವಧಿಯ ಅರ್ಧ ಭಾಗವಾದರೂ ಅವರು ಅಲ್ಲಿರಬೇಕೆಂಬುದು ಇಂದಿಗೂ ನಿಯಮ. ಒಕ್ಕೂಟ ಸರ್ಕಾರ ನರ್ಸ್ ಪ್ರಾಕ್ಟೀಷನರ್ ಅವರನ್ನು ಹಳ್ಳಿಗೆ ಕಳುಹಿಸುತ್ತದೆ, ರಾಜ್ಯ ಸರ್ಕಾರ ಅಲ್ಲಿ ಅವರ ಕೈ ಕಟ್ಟುತ್ತದೆ.

ಚಿಕಿತ್ಸೆಯ ಗುಣಮಟ್ಟದ ಮಾತಿಗೆ ಬಂದರೆ, ನ್ಯೂಯಾರ್ಕ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು 1,316 ರೋಗಿಗಳನ್ನು ಯಾದೃಚ್ಛಿಕವಾಗಿ ವೈದ್ಯರಿಗೂ ನರ್ಸ್ ಪ್ರಾಕ್ಟೀಷನರ್‌ಗಳಿಗೂ ಹಂಚಿತ್ತು. ಆರು ತಿಂಗಳ ನಂತರ ಇಬ್ಬರ ರೋಗಿಗಳ ಆರೋಗ್ಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಫೀಮಿನ ಬಗೆಯ ನೋವುನಿವಾರಕಗಳ, ಅಂದರೆ ಓಪಿಯಾಯ್ಡ್‌ಗಳ, ವ್ಯಸನ ಸಣ್ಣ ಊರುಗಳನ್ನು ನುಂಗುತ್ತಿದ್ದಾಗಲೂ ಇದೇ ಪಾಠ ಸಿಕ್ಕಿತು. 2016ರ ಕಾನೂನು ಆ ವ್ಯಸನಕ್ಕೆ ಕೊಡುವ ಬುಪ್ರೆನಾರ್ಫಿನ್ ಔಷಧ ಬರೆಯುವ ಅಧಿಕಾರವನ್ನು ನರ್ಸ್ ಪ್ರಾಕ್ಟೀಷನರ್‌ಗಳಿಗೂ ವಿಸ್ತರಿಸಿತು. ವೈದ್ಯರಿಗೆ ಎಂಟು ಗಂಟೆಗಳ ವಿಶೇಷ ತರಬೇತಿ ಸಾಕಾಗಿದ್ದರೆ ಇವರಿಂದ ಇಪ್ಪತ್ನಾಲ್ಕು ಗಂಟೆ ಕೇಳಿತು. ಆದರೂ ಅವರು ಮುಂದೆ ಬಂದರು, ಆ ಔಷಧ ಬರೆಯುವವರೇ ಇಲ್ಲದಿದ್ದ ಗ್ರಾಮೀಣ ಕೌಂಟಿಗಳಲ್ಲಿ ಚಿಕಿತ್ಸೆ ಸಿಗುವಂತಾಯಿತು. ಅಡ್ಡಿಗಳ ಅಸಂಗತತೆಗೆ ಇನ್ನೊಂದು ಉದಾಹರಣೆ: ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಬರೆಯಬಲ್ಲ ನರ್ಸ್ ಪ್ರಾಕ್ಟೀಷನರ್, ಅದೇ ರೋಗಿಯ ಕಾಲಿಗೆ ಮೆಡಿಕೇರ್ ಕೊಡುವ ವಿಶೇಷ ಪಾದರಕ್ಷೆಯ ಅಗತ್ಯವನ್ನು ದೃಢೀಕರಿಸುವಂತಿಲ್ಲ, ಅದಕ್ಕೆ ವೈದ್ಯರೇ ಬೇಕು ಎಂಬ ನಿಯಮ ಬಹುಕಾಲದಿಂದ ನಡೆದುಬಂದಿದೆ.

ವೈದ್ಯರನ್ನೇ ಕಳುಹಿಸಿ ಎನ್ನುವವರು ಇದುವರೆಗೆ ಕಳುಹಿಸಿದ್ದೇನು? 2010ರ ಈಚೆಗೆ ನೂರಕ್ಕೂ ಹೆಚ್ಚು ಗ್ರಾಮೀಣ ಆಸ್ಪತ್ರೆಗಳು ಬಾಗಿಲು ಹಾಕಿವೆ ಅಥವಾ ಒಳರೋಗಿಗಳ ಚಿಕಿತ್ಸೆಯನ್ನು ನಿಲ್ಲಿಸಿವೆ. ಉಳಿದ ಕಡೆ ಬರುವ ವೈದ್ಯರಲ್ಲಿ ಅನೇಕರು ಭಾರತದಂಥ ದೇಶಗಳಿಂದ, ನಮ್ಮ ಕರ್ನಾಟಕದ ವೈದ್ಯಕೀಯ ಕಾಲೇಜುಗಳಿಂದಲೂ, ಹೋಗಿ ತರಬೇತಿಯ ಬಳಿಕ ತಾಯ್ನಾಡಿಗೆ ಮರಳಬೇಕೆಂಬ ಜೆ-1 ವೀಸಾದ ಷರತ್ತಿನಿಂದ ವಿನಾಯಿತಿ ಪಡೆಯಲು ಕೊರತೆಯ ಪ್ರದೇಶದಲ್ಲಿ ಮೂರು ವರ್ಷ ದುಡಿಯುವವರು. ಅವರ ಸೇವೆಯನ್ನು ಕಡಿಮೆಯೆಂದು ಎಣಿಸಬೇಕಾಗಿಲ್ಲ, ಆದರೆ ಅವಧಿ ಮುಗಿದ ಮೇಲೆ ಮಕ್ಕಳ ಓದು, ಸಂಗಾತಿಯ ಉದ್ಯೋಗ ಎಂದು ದೊಡ್ಡ ನಗರದತ್ತ ಮುಖ ಮಾಡುವವರು ಕಡಿಮೆಯಿಲ್ಲ. ಅದೇ ಊರಿನಲ್ಲಿ ಹುಟ್ಟಿ, ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು, ಕೆಲಸದ ನಡುವೆಯೇ ಓದಿ ಅರ್ಹತೆ ಪಡೆದ ಹೆಣ್ಣುಮಗಳು ಆ ಊರನ್ನು ಬಿಟ್ಟು ಹೋಗುವ ಸಂಭವ ತೀರ ಕಡಿಮೆ. ಮೂರು ತಲೆಮಾರುಗಳ ಕಾಯಿಲೆ ಬಲ್ಲ ಅವಳಿಗೆ ಕಾಣದ ಊರಿನ ಸಹಿ ಕೂಡಿಸುವುದೇನೂ ಇಲ್ಲ.

ವಿರೋಧ: ಸಹಿ ಸುಳ್ಳಾಗಿದ್ದರೆ ಅದನ್ನು ನಿಜ ಮಾಡಬೇಕು

ಮೇಲಿನ ವಾದದ ಅತ್ಯಂತ ಬಲವಾದ ಭಾಗವನ್ನು ಒಪ್ಪಿಕೊಂಡೇ ಮುಂದುವರಿಯಬಹುದು. ಈಗಿನ ಮೇಲ್ವಿಚಾರಣೆ ಬಹುಪಾಲು ಕಡತದಲ್ಲಿದೆ, ಸಹಿಯ ಹೆಸರಿನಲ್ಲಿ ಹಣ ಪಡೆಯುವುದು ವೃತ್ತಿಗೆ ಶೋಭೆ ತರುವ ಕೆಲಸವಲ್ಲ. ಆದರೆ ಮೇಲ್ವಿಚಾರಣೆ ಪೊಳ್ಳಾಗಿದೆ ಎಂಬ ಕಾರಣಕ್ಕೆ ಅದನ್ನೇ ರದ್ದು ಮಾಡುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಸಣ್ಣ ಊರಿನ ಕಾಯಿಲೆಗಳು ಸರಳ, ಅದಕ್ಕೆ ಇಷ್ಟು ತರಬೇತಿ ಸಾಕು ಎಂಬ ಗ್ರಹಿಕೆ ಪರವಾದದ ಅಡಿಪಾಯದಲ್ಲಿ ಅಡಗಿ ಕುಳಿತಿದೆ. ಸತ್ಯ ಇದಕ್ಕೆ ವಿರುದ್ಧ. ನಗರದಲ್ಲಿ ಅನುಮಾನ ಬಂದರೆ ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕೇಳಬಹುದು, ಅಂದೇ ಸ್ಕ್ಯಾನ್ ಮಾಡಿಸಬಹುದು, ಹೃದಯತಜ್ಞರ ಬಳಿ ಕಳುಹಿಸಬಹುದು. ನೂರು ಮೈಲಿ ದೂರದ ಊರಿನಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಆಯಾಸವೆಂದು ಬಂದ ಐವತ್ತೈದರ ರೈತನಲ್ಲಿ ರಕ್ತಹೀನತೆಯೋ, ಖಿನ್ನತೆಯೋ, ಕರುಳಿನ ಕ್ಯಾನ್ಸರೋ ಎಂಬುದನ್ನು ಒಬ್ಬರೇ ಬೇರ್ಪಡಿಸಬೇಕು. ನೂರು ಬೆನ್ನುನೋವುಗಳಲ್ಲಿ ತೊಂಬತ್ತೊಂಬತ್ತನ್ನು ಯಾರು ನೋಡಿದರೂ ವಾಸಿಯಾಗುತ್ತವೆ. ಉಳಿದ ಒಂದನ್ನು ಗುರುತಿಸಲೆಂದೇ ವೈದ್ಯಕೀಯ ಶಿಕ್ಷಣ ಅಷ್ಟು ದೀರ್ಘವಾಗಿದೆ. ಅಮೆರಿಕದಲ್ಲಿ ಕುಟುಂಬ ವೈದ್ಯರಾಗಲು ನಾಲ್ಕು ವರ್ಷಗಳ ವೈದ್ಯಕೀಯ ಕಾಲೇಜು, ಆಸ್ಪತ್ರೆಯಲ್ಲಿ ದುಡಿಯುತ್ತ ಕಲಿಯುವ ಮೂರು ವರ್ಷಗಳ ರೆಸಿಡೆನ್ಸಿ ಎರಡೂ ಬೇಕು, ರೋಗಿಗಳ ನಡುವೆ ಕಳೆಯುವ ಸಮಯ ಹತ್ತು ಸಾವಿರ ಗಂಟೆಗಳನ್ನು ಮೀರುತ್ತದೆ. ನರ್ಸ್ ಪ್ರಾಕ್ಟೀಷನರ್ ಶಿಕ್ಷಣದಲ್ಲಿ ಬಹುಕಾಲ ಕನಿಷ್ಠ ಅಗತ್ಯ 500 ಗಂಟೆಗಳಾಗಿತ್ತು. 2022ರ ಮಾನದಂಡ ಅದನ್ನು 750ಕ್ಕೆ ಏರಿಸಿದೆ. ಹಿಂದಿನ ನರ್ಸಿಂಗ್ ಅನುಭವವನ್ನು ಇದಕ್ಕೆ ಸೇರಿಸಿಕೊಳ್ಳಬೇಕು ಎನ್ನುವುದು ನ್ಯಾಯವೇ, ಆದರೆ ಆ ಅನುಭವವನ್ನು ಎಲ್ಲ ಕೋರ್ಸುಗಳೂ ಕಡ್ಡಾಯ ಮಾಡಿಲ್ಲ. ಪಾಠವನ್ನು ಆನ್‌ಲೈನ್‌ನಲ್ಲಿ ಕೇಳಿ, ಕ್ಲಿನಿಕಲ್ ತರಬೇತಿ ಕೊಡುವವರನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳಬೇಕಾದ ಕೋರ್ಸುಗಳೂ ಇವೆ. ಅನುಭವಸ್ಥರಾದ ನರ್ಸ್ ಪ್ರಾಕ್ಟೀಷನರ್‌ಗಳೇ ಇದನ್ನು ಕಂಡು ಕಳವಳಗೊಂಡಿದ್ದಾರೆ.

ನ್ಯೂಯಾರ್ಕ್‌ನ ಅಧ್ಯಯನವನ್ನು ಇಪ್ಪತ್ತೈದು ವರ್ಷಗಳಿಂದ ಎಲ್ಲೆಡೆ ಉಲ್ಲೇಖಿಸಲಾಗುತ್ತಿದೆ. ಅದು ನಡೆದದ್ದು ಮ್ಯಾನ್‌ಹಟನ್‌ನಲ್ಲಿ, ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಸೇರಿದ ಕ್ಲಿನಿಕ್‌ಗಳಲ್ಲಿ. ಫಲಿತಾಂಶ ಅಳೆದದ್ದು ಆರು ತಿಂಗಳಿಗೆ. ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನು ಕೆಡಿಸಲು ಆರು ತಿಂಗಳಲ್ಲ, ಹತ್ತಾರು ವರ್ಷ ತೆಗೆದುಕೊಳ್ಳುತ್ತದೆ. ಇದಕ್ಕೆ ಎದುರಾಗಿ, ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳನ್ನು ಕುರಿತು 2022ರಲ್ಲಿ ಹೊರಬಂದ ಅರ್ಥಶಾಸ್ತ್ರಜ್ಞರ ಅಧ್ಯಯನ, ನರ್ಸ್ ಪ್ರಾಕ್ಟೀಷನರ್‌ಗಳು ನೋಡಿದ ರೋಗಿಗಳು ಶೇ. 11ರಷ್ಟು ಹೆಚ್ಚು ಹೊತ್ತು ಅಲ್ಲಿ ಕಳೆದರು, ತಡೆಯಬಹುದಾಗಿದ್ದ ಆಸ್ಪತ್ರೆ ದಾಖಲಾತಿಗಳು ಮೂವತ್ತು ದಿನಗಳೊಳಗೆ ಶೇ. 20ರಷ್ಟು ಹೆಚ್ಚಾದವು ಎಂದು ಕಂಡುಕೊಂಡಿತು. ತುರ್ತು ವಿಭಾಗ ಮತ್ತು ಹಳ್ಳಿಯ ಕ್ಲಿನಿಕ್ ಒಂದೇ ಅಲ್ಲ, ನಿಜ. ಹಾಗೆಂದು ಹೇಳುವವರು ಮ್ಯಾನ್‌ಹಟನ್ ಮತ್ತು ಟೆಕ್ಸಾಸ್‌ನ ಹಳ್ಳಿಯೂ ಒಂದೇ ಅಲ್ಲವೆಂದು ಒಪ್ಪಬೇಕಾಗುತ್ತದೆ.

ಸ್ವಾತಂತ್ರ್ಯ ಕೊಟ್ಟರೆ ನರ್ಸ್ ಪ್ರಾಕ್ಟೀಷನರ್‌ಗಳು ಹಳ್ಳಿಗೆ ಬರುತ್ತಾರೆ ಎಂಬ ಭರವಸೆಗೂ ಆಧಾರ ತೆಳು. 2008ರಿಂದ 2016ರ ನಡುವೆ ಗ್ರಾಮೀಣ ಕ್ಲಿನಿಕ್‌ಗಳ ಚಿಕಿತ್ಸಕರಲ್ಲಿ ಅವರ ಪಾಲು ಶೇ. 17.6ರಿಂದ 25.2ಕ್ಕೆ ಏರಿತು, ಅದೇ ಅವಧಿಯಲ್ಲಿ ನಗರಗಳಲ್ಲೂ ಶೇ. 15.9ರಿಂದ 23ಕ್ಕೆ ಏರಿತು. ಹೆಚ್ಚಳ ಎರಡೂ ಕಡೆ ಬಹುತೇಕ ಸರಿಸಮ. ನಿರ್ಬಂಧ ಸಡಿಲವಾದಾಗ ಲಾಭ ಕಾಣುವವರಲ್ಲಿ ವೈದ್ಯರ ಬದಲು ಕಡಿಮೆ ಸಂಬಳದವರನ್ನು ಕೂರಿಸಿ ಅದೇ ಬಿಲ್ ಮಾಡಲು ಹೊಂಚು ಹಾಕುವ ಕ್ಲಿನಿಕ್ ಸರಪಳಿಗಳೂ ಇವೆ.

ಭಾರತದಲ್ಲಿ ಇದೇ ಪ್ರಶ್ನೆ 2019ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 32ನೇ ಕಲಮಿನ ರೂಪದಲ್ಲಿ ಬಂದಾಗ, ಅಂದರೆ ವೈದ್ಯರಲ್ಲದ ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿ ಕೊಡಹೊರಟಾಗ, ಭಾರತೀಯ ವೈದ್ಯಕೀಯ ಸಂಘ ದೇಶವ್ಯಾಪಿ ಮುಷ್ಕರ ಹೂಡಿತು. ಆ ಮುಷ್ಕರದಲ್ಲಿ ವೃತ್ತಿಯ ಸ್ವಾರ್ಥವೂ ಬೆರೆತಿತ್ತೆಂದು ಧಾರಾಳವಾಗಿ ಹೇಳಬಹುದು. ಆದರೂ ಶ್ರೀಮಂತನಿಗೆ ವೈದ್ಯ, ಹಳ್ಳಿಯವನಿಗೆ ಬದಲಿ ವೈದ್ಯ ಎಂಬ ಎರಡು ದರ್ಜೆಗಳು ಏಕೆ ಎಂಬ ಅದರ ಪ್ರಶ್ನೆಗೆ ಅಮೆರಿಕದಲ್ಲೂ ಸಮರ್ಪಕ ಉತ್ತರ ದೊರೆತಿಲ್ಲ. ನಮ್ಮ ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿಗಳು ಇ-ಸಂಜೀವಿನಿಯ ಮೂಲಕ ವೈದ್ಯರನ್ನು ರೋಗಿಯ ಎದುರಿಗೇ ಪರದೆಯ ಮೇಲೆ ಕರೆಸಿ ಕೇಳುವ ಏರ್ಪಾಡು ಎಷ್ಟೇ ಕುಂಟುತ್ತಿರಲಿ, ಸಂಪರ್ಕವಿದ್ದ ದಿನ ಅದು ಟೆಕ್ಸಾಸ್‌ನ ಕಡತ ಪರಿಶೀಲನೆಗಿಂತ ಹೆಚ್ಚು ನಿಜವಾದ ಮೇಲ್ವಿಚಾರಣೆ.

ಆದ್ದರಿಂದ ತಿದ್ದಬೇಕಾದದ್ದು ಸಹಿಯ ಸ್ವರೂಪವನ್ನು. ಸಹಿಗೆ ಶುಲ್ಕ ಪಡೆಯುವುದನ್ನು ನಿಷೇಧಿಸಿ, ಅದರ ವೆಚ್ಚವನ್ನು ವಿಮೆ ಅಥವಾ ಸರ್ಕಾರ ಭರಿಸಲಿ. ವೈದ್ಯರು ನಿಗದಿತ ದಿನಗಳಲ್ಲಿ ಊರಿಗೆ ಬಂದು ರೋಗಿಗಳನ್ನು ಜೊತೆಯಲ್ಲಿ ನೋಡಲಿ. ಸ್ವತಂತ್ರವಾಗುವ ಮುನ್ನ ನ್ಯೂಯಾರ್ಕ್ 3,600 ಗಂಟೆಗಳ ಅನುಭವ ಕೇಳುತ್ತದೆ. ಒಂಟಿಯಾಗಿ ದುಡಿಯಬೇಕಾದ ಊರಿಗೆ ಅದಕ್ಕಿಂತ ಹೆಚ್ಚು ಕೇಳುವುದು ಅತಿಯಾಗದು. ಇನ್ನು ವೈದ್ಯರ ಕೊರತೆ ಸ್ವಲ್ಪಮಟ್ಟಿಗೆ ಕಾನೂನೇ ಸೃಷ್ಟಿಸಿದ್ದು. ವಿದೇಶಿ ವೈದ್ಯರನ್ನು ಸಣ್ಣ ಊರುಗಳಲ್ಲಿ ಉಳಿಸಿಕೊಳ್ಳುವ ವೀಸಾ ವಿನಾಯಿತಿ ಯೋಜನೆ 1994ರಲ್ಲಿ ಶುರುವಾದಾಗ ರಾಜ್ಯಕ್ಕೆ ವರ್ಷಕ್ಕೆ ಇಪ್ಪತ್ತು ಮಂದಿ ಎಂದಿತ್ತು, 2002ರಲ್ಲಿ ಮೂವತ್ತಾಯಿತು, ಅಲ್ಲಿಗೇ ನಿಂತಿದೆ. ಆರು ಲಕ್ಷಕ್ಕೂ ಕಡಿಮೆ ಜನರಿರುವ ವಯೋಮಿಂಗ್‌ಗೆ ಮೂವತ್ತು, ಮೂರು ಕೋಟಿ ಜನರಿರುವ ಟೆಕ್ಸಾಸ್‌ಗೂ ಅದೇ ಮೂವತ್ತು. ನರ್ಸ್ ಪ್ರಾಕ್ಟೀಷನರ್ ಅವರ ತಲೆಯ ಮೇಲೆ ಇಡೀ ಊರನ್ನು ಹೊರಿಸುವ ಮುನ್ನ ಸಂಸತ್ತು ಈ ಸಂಖ್ಯೆಯನ್ನು ತಿದ್ದಲಿ.