ಮುಚ್ಚಳಿಕೆ ಬರೆಸಿಕೊಂಡರೆ ಸಾಕೇ?

ಕೆನಡಾದ ಮಿಸಿಸಾಗಾದಲ್ಲಿ ನಾನು ಹೋಗುವ ಮಸೀದಿಯ ಹೆಂಗಸರ ಬಾತ್‌ರೂಮಿನ ಬಾಗಿಲ ಒಳಬದಿಗೆ ಒಂದು ಕಾಗದ ಅಂಟಿಸಿದ್ದರು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಈ ನಂಬರಿಗೆ ಫೋನ್ ಮಾಡಿ ಅಂತ ಇಂಗ್ಲಿಷ್, ಉರ್ದು, ಅರಬಿಯಲ್ಲಿ ಬರೆದಿತ್ತು. ಹರಿದುಕೊಂಡು ಹೋಗಲಿ ಅಂತ ನಂಬರನ್ನು ಕೆಳಗೆ ಸಣ್ಣ ಸಣ್ಣ ಚೀಟಿ ಮಾಡಿ ಕತ್ತರಿಸಿದ್ದರು. ಕೆಲವು ಚೀಟಿ ಆಗಲೇ ಇರಲಿಲ್ಲ. ಗಂಡಸರು ಕಾಲಿಡದ ಜಾಗ ಹುಡುಕಿ ಅಂಟಿಸಿದ್ದಾರಲ್ಲ ಅಂತ ಖುಷಿಯಾಯಿತು. ಬೆನ್ನಿಗೇ ಸಿಟ್ಟೂ ಬಂತು. ನಮ್ಮೂರಲ್ಲಿ ಯಾಕಿಲ್ಲ?

ನಮ್ಮದು ತೀರ್ಥಹಳ್ಳಿ ಕಡೆ. ನನ್ನ ಖಾಲಾನ, ಅಂದರೆ ಅಮ್ಮನ ಒಡಹುಟ್ಟಿದವಳ ಮಗಳನ್ನು ಶಿವಮೊಗ್ಗಕ್ಕೆ ಕೊಟ್ಟಿದ್ದರು. ಅವಳು ಏಟು ತಿಂದು ತವರಿಗೆ ಬಂದಾಗ ಜಮಾತಿನ, ಅಂದರೆ ನಮ್ಮ ಮಸೀದಿ ಸಮುದಾಯದ ಹಿರಿಯರು ಜಗಲಿಯಲ್ಲಿ ಕೂತು ಪಂಚಾಯ್ತಿ ಮಾಡಿದರು. ಅವಳು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದಳು. ಮುಂಗೈ ಎಷ್ಟು ಊದಿತ್ತೆಂದರೆ ಬಳೆಯನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಹೊರಗೆ ಎರಡು ಸಲ ಚಾ ಹೋಯಿತು. ಒಬ್ಬರಾದರೂ ಒಳಗೆ ಬಂದು "ನಿನಗೇನು ಬೇಕಮ್ಮಾ?" ಅಂತ ಕೇಳಲಿಲ್ಲ. ಇನ್ನು ಕೈ ಮಾಡುವುದಿಲ್ಲ ಅಂತ ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡರು. "ಸಬರ್ ಮಾಡು ಬೇಟಿ", ತಾಳಿಕೋ ಮಗಳೇ ಅಂದರು. ಮರುದಿನ ಬೆಳಗ್ಗೆ ಶಿವಮೊಗ್ಗದ ಬಸ್ಸು ಹತ್ತಿಸಿದರು.

ಆ ಹಿರಿಯರು ಕಟುಕರಲ್ಲ. ಸಂಸಾರ ಕೂಡಿಸುವುದೇ ಪುಣ್ಯ ಅಂತ ನಂಬಿದವರು. ಅವನ ಕಡೆಯ ಒಬ್ಬರು, ಅವಳ ಕಡೆಯ ಒಬ್ಬರು ಕೂತು ಮಾತಾಡಲಿ ಅಂತ ಕುರಾನಿನ ನಿಸಾ ಅಧ್ಯಾಯದಲ್ಲೂ ಇದೆ. ಆದರೆ ಅವಳ ಕಡೆಯವರು ಅವಳನ್ನೇ ಕೇಳದಿದ್ದರೆ ಅದು ಯಾರ ಕಡೆ? ಪೈಗಂಬರರು ಯಾವತ್ತೂ ಒಬ್ಬ ಹೆಂಗಸಿನ ಮೇಲೆ ಕೈ ಎತ್ತಲಿಲ್ಲ ಅಂತ ಅವರ ಹೆಂಡತಿ ಹಜ್ರತ್ ಆಯಿಷಾ ಹೇಳಿದ್ದು ಆ ದಿನ ಜಗಲಿಯಲ್ಲಿ ಯಾರಿಗೂ ನೆನಪಾಗಲಿಲ್ಲ.

ನಮ್ಮವರ ದೊಡ್ಡ ಹೆದರಿಕೆ ಮರ್ಯಾದೆಯದು. ಮೊದಲೇ ಎಲ್ಲರ ಕಣ್ಣು ನಮ್ಮ ಮೇಲಿದೆ, ಇದನ್ನೂ ಬೀದಿಗೆ ತರಬೇಕಾ ಅಂತಾರೆ. ಟಿವಿಯವರಿಗೆ ಮುಸ್ಲಿಂ ಹೆಣ್ಣಿನ ಕಷ್ಟ ಅಂದರೆ ತಲಾಖ್ ಒಂದೇ, ಅದೂ ನಿಜ. ಇಲ್ಲಿ ಕೆನಡಾದ ಮುಸ್ಲಿಮರಿಗೂ ಈ ಹೆದರಿಕೆ ಇತ್ತು. 2007ರಲ್ಲಿ ಇದೇ ಮಿಸಿಸಾಗಾದಲ್ಲಿ 16 ವರ್ಷದ ಅಕ್ಸಾ ಪರ್ವೇಜ್‌ಳನ್ನು ಅಪ್ಪ, ಅಣ್ಣ ಸೇರಿ ಕೊಂದರು. 2009ರಲ್ಲಿ ಕಿಂಗ್‌ಸ್ಟನ್ನಿನ ಕಾಲುವೆಯಲ್ಲಿ ಒಂದೇ ಮನೆಯ ನಾಲ್ವರು ಹೆಣ್ಣುಮಕ್ಕಳ ಹೆಣ ಸಿಕ್ಕವು. ಇಡೀ ದೇಶ ಮುಸ್ಲಿಮರ ಕಡೆ ಬೆರಳು ತೋರಿಸಿತು. ಆಗಲೂ ಇಮಾಮರು ಬಾಯಿ ಮುಚ್ಚಿ ಕೂರಲಿಲ್ಲ. 2011ರ ಡಿಸೆಂಬರಿನ ಒಂದು ಶುಕ್ರವಾರ ದೇಶದ ಹಲವು ಮಸೀದಿಗಳಲ್ಲಿ ಮನೆಯೊಳಗಿನ ಹಿಂಸೆಯ ಬಗ್ಗೆಯೇ ಖುತ್ಬಾ, ಅಂದರೆ ಜುಮಾ ಪ್ರವಚನ ಕೊಟ್ಟರು. ಆಮೇಲೆ ನಿಸಾ ಹೋಮ್ಸ್ ಬಂತು. ಹೊಡೆತ ತಾಳಲಾರದೆ ಹೊರಟ ಹೆಂಗಸರಿಗೆ, ಮಕ್ಕಳಿಗೆ ಇರಲು ಮನೆ. ಹಲಾಲ್ ಊಟ, ನಮಾಜಿಗೆ ಜಾಗ. ಅದನ್ನು ಹುಟ್ಟುಹಾಕಿದ್ದು ಜಕಾತ್, ಅಂದರೆ ಉಳ್ಳವರು ಕೊಡಲೇಬೇಕಾದ ದಾನ ಒಟ್ಟುಮಾಡುವ ಸಂಸ್ಥೆ. ಜಕಾತ್ ನಮ್ಮಲ್ಲಿ ಕಡಿಮೆಯಾ?

ಇಷ್ಟು ಬರೆದ ಮೇಲೆ ಒಂದನ್ನು ಒಪ್ಪಲೇಬೇಕು. ಕಾನೂನಿನಲ್ಲಿ ನಮ್ಮ ದೇಶ ಹಿಂದಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಗೆ ಜಾತಿ ಧರ್ಮ ಇಲ್ಲ. ಮನೆ ಯಾರ ಹೆಸರಲ್ಲೇ ಇರಲಿ, ಅಲ್ಲಿ ವಾಸ ಮಾಡುವ ಹಕ್ಕು ಹೆಂಡತಿಗಿದೆ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ಲಾಯರು ಪುಕ್ಕಟೆ, ಆದಾಯ ಎಷ್ಟೇ ಇರಲಿ. 181 ಮಹಿಳಾ ಸಹಾಯವಾಣಿ ಇದೆ, ಸಾಂತ್ವನ ಕೇಂದ್ರ ಇದೆ, ಸಖಿ ಕೇಂದ್ರ ಇದೆ. ಮಳೆಗಾಲದಲ್ಲಿ ಕರೆಂಟೂ ಇಲ್ಲದ, ನೆಟ್‌ವರ್ಕೂ ಇಲ್ಲದ ಒಂಟಿ ಮನೆಯಿಂದ 181 ಒತ್ತುವುದು ಹೇಗೆ ಅನ್ನುವುದು ಬೇರೆ ಮಾತು.

ಖಾಲಾನ ಮಗಳನ್ನು ಕೊನೆಗೆ ಆ ನರಕದಿಂದ ಬಿಡಿಸಿದ್ದು ಶಿವಮೊಗ್ಗದ ಪಕ್ಕದ ಮನೆ ಅಕ್ಕ. ಅಂಗನವಾಡಿ ಟೀಚರ್. ಗೋಡೆಯಾಚೆ ಸದ್ದು ಕೇಳಿ ಹಿತ್ತಿಲ ಬಾಗಿಲಿಂದ ಒಳಗೆ ಬಂದರು, ಕೈ ಹಿಡಿದು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಫೀಸಿಗೆ ಕರೆದುಕೊಂಡು ಹೋದರು. ಕರ್ನಾಟಕದಲ್ಲಿ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ ಸಿಡಿಪಿಒ ಅವರೇ. ಅದು ಆ ಅಕ್ಕನಿಗೆ ಗೊತ್ತಿತ್ತು, ನಮ್ಮ ಜಮಾತಿಗೆ ಗೊತ್ತಿರಲಿಲ್ಲ. ಮಿಸಿಸಾಗಾದಲ್ಲಿ ಪಕ್ಕದವರು ಪೊಲೀಸರಿಗೆ ಫೋನ್ ಮಾಡಬಹುದು, ಬಾಗಿಲು ತಟ್ಟಿ ಒಳಗೆ ಬರುವುದಿಲ್ಲ. ಗಂಡನ ಸ್ಪಾನ್ಸರ್‌ಶಿಪ್ಪಿನಲ್ಲಿ ಬಂದವಳು ದೇಶ ಬಿಟ್ಟು ಕಳಿಸಿಬಿಟ್ಟಾರು ಅಂತ ಹೆದರಿ ಹಿಮದೊಳಗೆ ಒಬ್ಬಳೇ ಕೂತಿರುತ್ತಾಳೆ. ಅಂಥವರನ್ನೂ ನೋಡಿದ್ದೇನೆ.

ಹಾಗಂತ ಅಕ್ಕನಂಥವರು ಪಕ್ಕದಲ್ಲಿ ಸಿಗಲಿ ಅಂತ ಸುಮ್ನೆ ಕಾಯುತ್ತಾ ಕೂರಬೇಕಾ? ಚಂದಾ ಎತ್ತಿ ಶಾದಿ ಮಹಲ್ ಕಟ್ಟಿದ ಜಮಾತಿಗೆ ಒಂದು ಬಾಡಿಗೆ ಮನೆ ಹಿಡಿಯುವುದು ಕಷ್ಟವಲ್ಲ. ವಿಳಾಸ ಊರೆಲ್ಲ ಗೊತ್ತಾಗದಿರಲಿ, ಕೀಲಿ ಹೆಂಗಸರ ಕೈಯಲ್ಲಿರಲಿ. ಪಂಚಾಯ್ತಿಗೆ ಕೂರುವಾಗ ಇಬ್ಬರು ಹೆಂಗಸರೂ ಕೂರಲಿ. ಬರುವ ರಂಜಾನಿನ ನನ್ನ ಜಕಾತನ್ನು ಇದಕ್ಕೇ ಇಟ್ಟಿದ್ದೇನೆ ಅಂತ ಅಬ್ಬಾನ ಮೂಲಕ ಕಮಿಟಿಗೆ ಹೇಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.