ಗೋಧಿ ಬಿಯರ್ ಎಲ್ಲ ಒಂದೇ ಅಲ್ಲ
ಲೇಖನ ಇಷ್ಟವಾಯಿತು. ಆದರೆ ಬೆಂಗಳೂರಿನ ಮೈಕ್ರೋಬ್ರೂವರಿಗಳ (ತಮ್ಮಲ್ಲೇ ಬಿಯರ್ ತಯಾರಿಸುವ ಪಬ್‌ಗಳ) ಗೋಧಿ ಬಿಯರ್ ಎಲ್ಲ ಒಂದೇ ರುಚಿ ಅಂತ ಬರೆದಿದ್ದೀರಲ್ಲ, ಅದನ್ನು ಒಪ್ಪಲಾರೆ. ಜರ್ಮನಿ ಶೈಲಿಯ ಹೆಫೆವೈಜನ್, ಬೆಲ್ಜಿಯಂ ಶೈಲಿಯ ವಿಟ್ ಎಂಬ ಎರಡು ಬಗೆಯ ಗೋಧಿ ಬಿಯರನ್ನೂ ಸಣ್ಣ ಗ್ಲಾಸಿನಲ್ಲಿ ಪಕ್ಕಪಕ್ಕ ಇಟ್ಟು ಒಮ್ಮೆ ಮೂಸಿ ನೋಡಿ. ಹೆಫೆವೈಜನ್‌ನಲ್ಲಿ ಕಳಿತ ಬಾಳೆಹಣ್ಣು, ಲವಂಗದ ಘಮ ಇರುತ್ತದೆ. ಅದಕ್ಕೆ ಯಾರೂ ಹಣ್ಣನ್ನೂ ಹಾಕಿರುವುದಿಲ್ಲ, ಲವಂಗವನ್ನೂ ಹಾಕಿರುವುದಿಲ್ಲ. ಎಲ್ಲ ಬಿಯರನ್ನು ಹುದುಗಿಸುವ ಯೀಸ್ಟ್ ಮಾಡುವ ಕೆಲಸ! ವಿಟ್‌ಗೆ ಮಾತ್ರ ನಿಜವಾಗಿಯೂ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಬೀಳುತ್ತದೆ. ಹೌದು, ನಮ್ಮ ಸಾರಿನ ಪುಡಿಗೆ ಹುರಿಯುವ ಅದೇ ಬೀಜ. ಬೆಲ್ಜಿಯಂನ ಹೂಗಾರ್ಡನ್ ಊರಲ್ಲಿ 1950ರ ದಶಕದಲ್ಲಿ ಈ ವಿಟ್ ಬಿಯರ್ ಮಾಡುವುದೇ ನಿಂತುಹೋಗಿತ್ತು. ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ 1960ರ ದಶಕದಲ್ಲಿ ಅದನ್ನು ಮತ್ತೆ ಶುರು ಮಾಡಿದರು. ಎಂಥ ದೊಡ್ಡ ಕೆಲಸ ಅಲ್ವಾ?

ಹೋಲಿಸಿ ನೋಡುವವರು ತುಂಬಾ ತಣ್ಣಗೆ ಕುಡಿಯಬೇಡಿ. ಕಳೆದ ತಿಂಗಳು ಒಂದು ಕಡೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ಹೆಫೆವೈಜನ್ ಕೊಟ್ಟರು. ವಾಸನೆಯೇ ಏಳಲಿಲ್ಲ. ಬೇಜಾರಾಯಿತು. ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಹತ್ತು ನಿಮಿಷ ಸುಮ್ನೆ ಕೂತೆ. ಮೊದಲು ಬಾಳೆಹಣ್ಣು ಬಂತು, ಆಮೇಲೆ ನಿಧಾನವಾಗಿ ಲವಂಗ.