ಕಛೇರಿ, ನಾಟಕ, ನೃತ್ಯ: ಎದುರು ಕೂತೇ ನೋಡಬೇಕೆ?

ಪರ: ಕಿವಿಗೂ ಕಣ್ಣಿಗೂ ಕತ್ತರಿ ಬೀಳದಿರಲಿ

ಟಿವಿಯಲ್ಲಿ ಸಂಗೀತ ಕೇಳುವವರಿಗೆ ಮೊದಲು ಕೈತಪ್ಪುವುದು ಮೆಲುದನಿ. ದೊಡ್ಡ ವಾದ್ಯವೃಂದ ತೀರ ಮೆಲ್ಲಗೆ ನುಡಿಸುವಾಗ ಸಭಾಂಗಣದಲ್ಲಿ ಸದ್ದಿನ ಮಟ್ಟ 40 ಡೆಸಿಬಲ್ ಆಸುಪಾಸಿಗೆ ಇಳಿಯುತ್ತದೆ, ಎಲ್ಲರೂ ಕೂಡಿ ನುಡಿಸಿದಾಗ ನೂರರ ಹತ್ತಿರ ಏರುತ್ತದೆ. ಮನೆಯಲ್ಲಿ ಫ್ಯಾನು, ಫ್ರಿಜ್ಜು, ಬೀದಿಯ ಗದ್ದಲ ಸೇರಿದರೆ ಅದೇ 40 ಡೆಸಿಬಲ್ ಆಗಿಬಿಡುತ್ತದೆ. ಮೆಲುದನಿ ಅದರಲ್ಲಿ ಮುಳುಗಬಾರದೆಂದು ಪ್ರಸಾರದ ಎಂಜಿನಿಯರ್ ಕಂಪ್ರೆಸರ್ ಹಾಕಿ ಸಣ್ಣದನ್ನು ಏರಿಸುತ್ತಾರೆ, ದೊಡ್ಡದನ್ನು ತಗ್ಗಿಸುತ್ತಾರೆ. ಅವರನ್ನು ದೂರುವಂತಿಲ್ಲ. ಹಾಗೆ ಮಾಡದಿದ್ದರೆ ನೋಡುಗರು ರಿಮೋಟ್ ಹಿಡಿದು ವಾಲ್ಯೂಮ್ ಏರಿಳಿಸುತ್ತಲೇ ಕೂರಬೇಕಾದೀತು. ಆದರೆ ಗಾಯಕರು ದನಿಯನ್ನು ಎಳೆಯಷ್ಟಕ್ಕೆ ಇಳಿಸಿ ಸಭೆಯೆಲ್ಲ ಉಸಿರು ಬಿಗಿಹಿಡಿಯುವಂತೆ ಮಾಡಿದ ಜಾಗ ಟಿವಿಯಲ್ಲಿ ಮಾಮೂಲಿ ದನಿಯಾಗಿ ಬಂದು ಹೋಗುತ್ತದೆ.

ಕೆಳಸ್ವರಗಳ ಪಾಡೂ ಅಷ್ಟೇ. ತೆಳು ಟಿವಿಯ ಸ್ಪೀಕರ್‌ಗಳು ಪುಟ್ಟವು, ಬಹುಪಾಲು ನೆಲಕ್ಕೋ ಗೋಡೆಗೋ ಮುಖ ಮಾಡಿರುತ್ತವೆ. 100ರಿಂದ 150 ಹರ್ಟ್ಸ್‌ಗಿಂತ ಕೆಳಗೆ ಅವುಗಳ ಶಕ್ತಿ ಸೊರಗುತ್ತದೆ. ಡಬಲ್ ಬಾಸ್‌ನ ಅತಿ ಕೆಳಗಿನ ತಂತಿಯ ಸ್ವರವೋ 41 ಹರ್ಟ್ಸ್. ಮೃದಂಗದ ಎಡಮುಖ ಗುಮ್ಮೆನ್ನುವುದೂ ಇಂಥ ಸ್ಪೀಕರಿನಲ್ಲಿ ಬರೀ ತಟ್ಟಿದ ಸದ್ದಾಗುತ್ತದೆ. ಸಭಾಂಗಣದಲ್ಲಿ ಗೋಡೆಯೂ ಕೆಲಸ ಮಾಡುತ್ತದೆ. ವೇದಿಕೆಯಿಂದ ನೇರ ಬಂದ ನಾದದ ಬೆನ್ನಿಗೇ, 80 ಮಿಲಿಸೆಕೆಂಡಿನೊಳಗೆ, ಪಕ್ಕದ ಗೋಡೆಗಳಿಂದ ಮರಳಿದ ನಾದ ಅದರಲ್ಲಿ ಬೆರೆತು ತುಂಬುತನ ಕೊಡುತ್ತದೆ.

ಕಣ್ಣಿನ ವಿಷಯ ಇನ್ನೂ ಮುಖ್ಯ. ನರ್ತಕಿಯ ಪಾದ ಲಯದ ಲೆಕ್ಕ ಕಟ್ಟುತ್ತಿರುವಾಗ ತೆರೆಯ ಮೇಲೆ ಮುಖದ ಕ್ಲೋಸಪ್ ಇದ್ದರೆ ಆ ಲೆಕ್ಕ ನಮ್ಮ ಪಾಲಿಗೆ ಇಲ್ಲ. ನಾಟಕದಲ್ಲಿ ಕ್ಯಾಮರಾ ಸಾಮಾನ್ಯವಾಗಿ ಮಾತಾಡುವವರ ಬೆನ್ನು ಹತ್ತುತ್ತದೆ. ಮೂಲೆಯಲ್ಲಿ ಸುಮ್ಮನೆ ನಿಂತು ಕೇಳಿಸಿಕೊಳ್ಳುವ ಪಾತ್ರದಲ್ಲೇ ದೃಶ್ಯದ ಜೀವ ಇದ್ದರೆ, ಅದನ್ನು ಹುಡುಕಿಕೊಳ್ಳುವ ಸ್ವಾತಂತ್ರ್ಯ ಎದುರು ಕೂತವರಿಗೆ ಮಾತ್ರ. ಇನ್ನು ನಗು. ಅನುಭವಿ ನಟ ಸಭೆಯ ನಗು ಮುಗಿಯುವ ತನಕ ಕಾಯುವುದಿಲ್ಲ. ಅದು ಶಿಖರ ಮುಟ್ಟಿ ಇಳಿಯತೊಡಗಿದಾಗ ಮುಂದಿನ ಮಾತು ಎತ್ತುತ್ತಾನೆ. ಖಾಲಿ ಸ್ಟುಡಿಯೋದಲ್ಲಿ ಚಿತ್ರೀಕರಿಸಿದ ಹಾಸ್ಯ ಎಡವುವುದು ಇಲ್ಲೇ, ಕಾಯಬೇಕಾದ ಅಳತೆ ಹೇಳುವವರು ಎದುರಿಗಿರುವುದಿಲ್ಲ.

ಹೋಗುವವರು ಸೀಟನ್ನು ಯೋಚಿಸಿ ಹಿಡಿಯಬೇಕು. ಮೈಕ್ ಇಲ್ಲದ ಕಛೇರಿಗೆ ಎಂಟರಿಂದ ಹದಿನೈದನೇ ಸಾಲಿನ ನಡುಭಾಗ ಒಳ್ಳೆಯದು. ಬಾಲ್ಕನಿಯ ಕೆಳಗೆ ಆಳಕ್ಕೆ ಹೋದರೆ ಮೇಲಿನಿಂದ ಬರಬೇಕಾದ ನಾದಕ್ಕೆ ತಡೆಯಾಗುತ್ತದೆ, ಕೇಳುವುದು ಮಂಕಾಗುತ್ತದೆ. ಮೈಕ್ ಇದ್ದರೆ ಮಿಕ್ಸಿಂಗ್ ಕನ್ಸೋಲ್ ಎಲ್ಲಿದೆ ನೋಡಿ, ಅದರ ಮುಂದೆಯೇ ಕೂರಿ. ಎಂಜಿನಿಯರ್ ದನಿ ಹದ ಮಾಡುವುದು ತನ್ನ ಕಿವಿ ಇರುವ ಜಾಗಕ್ಕೆ. ಸ್ಪೀಕರ್ ಕಂಬದ ನೇರಕ್ಕೆ ಮಾತ್ರ ಬೇಡ.

ವಿರೋಧ: ಎಂಟನೇ ಸಾಲು ಎಲ್ಲರಿಗೂ ಸಿಗದು

ಮೇಲಿನ ವಾದವೆಲ್ಲ ಎಂಟನೇ ಸಾಲಿನಲ್ಲಿ ಕೂತವರದು. ಮೂವತ್ತನೇ ಸಾಲಿನವರನ್ನು ಕೇಳಿ ನೋಡಿ. ಸಾಲಿಗೆ 90 ಸೆಂಟಿಮೀಟರ್ ಎಂದರೂ ಅವರು ವೇದಿಕೆಯ ಅಂಚಿನಿಂದ 27 ಮೀಟರ್ ದೂರ. ಮುಖಭಾವ ಓದಲು ಸುಮಾರು 20 ಮೀಟರ್ ಗಡಿ ಎಂಬುದು ರಂಗಮಂದಿರ ಕಟ್ಟುವವರ ರೂಢಿಯ ಲೆಕ್ಕ. ಅದರಾಚೆ ಹುಬ್ಬು, ಕಣ್ಣಂಚು, ತುಟಿಯ ನಡುಕ ಇಲ್ಲವೇ ಇಲ್ಲ, ಕೈಕಾಲಿನ ಚಲನೆಯಷ್ಟೇ. ಯಾವ ಪಾತ್ರವನ್ನು ನೋಡಬೇಕೆಂಬ ಸ್ವಾತಂತ್ರ್ಯ ಅಲ್ಲಿ ಏನು ಉಪಯೋಗ?

ಬಯಲಿನ ಕಾರ್ಯಕ್ರಮದ ಕಥೆ ಇನ್ನೂ ಕಷ್ಟ. ಸದ್ದು ಸೆಕೆಂಡಿಗೆ 343 ಮೀಟರ್ ಸಾಗುತ್ತದೆ. ನೂರು ಮೀಟರ್ ಹಿಂದೆ ನಿಂತವರಿಗೆ ವೇದಿಕೆಯ ನಾದ ಮುಟ್ಟಲು ಸುಮಾರು 0.3 ಸೆಕೆಂಡ್ ಬೇಕು. ಡ್ರಮ್ಮಿನ ಕೋಲು ಮೇಲೆದ್ದಾಗ ಪೆಟ್ಟು ಕೇಳಿಸುತ್ತದೆ. ಮುಖ ಕಾಣದೆಂದು ಇಕ್ಕೆಲದಲ್ಲಿ ಪರದೆ ಕಟ್ಟಿರುತ್ತಾರೆ. ಟಿಕೆಟ್ ಕೊಂಡು, ಗಂಟೆಗಟ್ಟಲೆ ನಿಂತು, ಕೊನೆಗೆ ನೋಡುವುದು ಪರದೆಯನ್ನೇ! ಮುಂದಕ್ಕೆ ನುಗ್ಗಿದರೆ ಕಿವಿಗೆ ಕುತ್ತು. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧವಾಗುತ್ತದೆ. ನೂರು ಡೆಸಿಬಲ್‌ಗೆ ಉಳಿಯುವುದು 15 ನಿಮಿಷ.

ಕ್ಯಾಮರಾ ಕಣ್ಣು ಕಟ್ಟುತ್ತದೆ ಎಂಬ ದೂರು ತಯಾರಿ ಇಲ್ಲದ ಚಿತ್ರೀಕರಣಕ್ಕೆ ಸಲ್ಲುತ್ತದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ 2006ರ ಡಿಸೆಂಬರಿನಿಂದ, ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದ ತಮ್ಮ ಪ್ರದರ್ಶನಗಳನ್ನು ಚಿತ್ರಮಂದಿರಗಳಿಗೆ ನೇರ ಕಳಿಸುತ್ತ ಬಂದಿವೆ. ಇಂಥ ಕೆಲಸದಲ್ಲಿ ಯಾವ ಮಾತಿಗೆ ಯಾವ ಶಾಟ್ ಎಂಬುದನ್ನು ಮೊದಲೇ ಬರೆದು, ಕ್ಯಾಮರಾಗಳಿಗೂ ತಾಲೀಮು ಮಾಡಿಸುತ್ತಾರೆ. ಕಿವಿ ಮಂದವಾದವರಿಗೆ ಸಬ್‌ಟೈಟಲ್, ಮೆಟ್ಟಿಲು ಹತ್ತಲಾರದವರಿಗೆ ಮನೆಯ ಕುರ್ಚಿ, ಕಲಿಯುವವರಿಗೆ ಒಂದೇ ಪಲುಕನ್ನು ಮತ್ತೆ ಮತ್ತೆ ತಿರುಗಿಸಿ ನೋಡುವ ಅನುಕೂಲ.

ಮನೆಯಲ್ಲಿ ನೋಡುವವರು ನಾಲ್ಕೈದು ಕೆಲಸ ಮಾಡಿಕೊಳ್ಳಲೇಬೇಕು. 55 ಇಂಚಿನ ಪರದೆಯ ಎತ್ತರ ಸುಮಾರು 68 ಸೆಂಟಿಮೀಟರ್. ಎಚ್‌ಡಿ ಚಿತ್ರಕ್ಕೆ ಅದರ ಮೂರು ಪಟ್ಟು, ಅಂದರೆ 2 ಮೀಟರ್ ದೂರ ಸಾಕು. ನಾಲ್ಕು ಮೀಟರ್ ಹಿಂದೆ ಕೂತು ‘ಏನೂ ಕಾಣಲ್ಲ’ ಎನ್ನುವವರೇ ಹೆಚ್ಚು. ಚಲನೆಯನ್ನು ನುಣುಪಾಗಿಸಲು ಟಿವಿಯೇ ನಡುವೆ ಚಿತ್ರ ಸೇರಿಸುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಇಲ್ಲದಿದ್ದರೆ ತಿರುಗುವ ನರ್ತಕಿಯ ಕೈಬೆರಳ ಸುತ್ತ ಚಿತ್ರ ಕದಡುತ್ತದೆ. ನೈಟ್ ಮೋಡ್ ಆಫ್ ಮಾಡಿ, ಅದು ಈಗಾಗಲೇ ಕುಗ್ಗಿದ ದನಿಯ ಏರಿಳಿತವನ್ನು ಇನ್ನಷ್ಟು ಕುಗ್ಗಿಸುತ್ತದೆ. ಫ್ಯಾನಿನ ವೇಗ ತಗ್ಗಿಸಿ. ಸಬ್‌ವೂಫರ್ ಇರುವ ಸೌಂಡ್‌ಬಾರನ್ನು ಟಿವಿಯ ಆರ್ಕ್ (ARC) ಎಂದು ಬರೆದ ಎಚ್‌ಡಿಎಂಐ ಕಿಂಡಿಗೇ ಸಿಕ್ಕಿಸಿ, ಬೇರೆ ಎಚ್‌ಡಿಎಂಐ ಕಿಂಡಿಯಿಂದ ಟಿವಿಯ ದನಿ ಹೊರಬರುವುದಿಲ್ಲ.

ಆಮೇಲೆ ತುಟಿಗೂ ದನಿಗೂ ಹೊಂದಿಕೆ ನೋಡಿ. ದನಿ 45 ಮಿಲಿಸೆಕೆಂಡ್ ಮುಂದಾದರೆ ಕಣ್ಣು ಹಿಡಿದುಬಿಡುತ್ತದೆ, ಹಿಂದಾದರೆ 125ರವರೆಗೂ ಸಹಿಸುತ್ತದೆ. ದೂರದ ಸದ್ದು ತಡವಾಗಿ ಬರುವುದು ನಮಗೆ ರೂಢಿ ತಾನೇ. ದನಿ ಮುಂದಾಗಿದ್ದರೆ ಆಡಿಯೋ ಡಿಲೇ ಸೆಟ್ಟಿಂಗನ್ನು 10 ಮಿಲಿಸೆಕೆಂಡಿನಂತೆ ಏರಿಸುತ್ತ ಹೋಗಿ. ಹಿಂದಾಗಿದ್ದರೆ ಅದು ಕೆಲಸಕ್ಕೆ ಬಾರದು, ಟಿವಿಯ ಡಿಜಿಟಲ್ ಔಟ್‌ಪುಟ್ ಸೆಟ್ಟಿಂಗನ್ನು ಪಿಸಿಎಂಗೆ (PCM, ಸಂಕೇತಕ್ಕೆ ಅಡಕ ಮಾಡದೆ ದನಿ ಕಳಿಸುವ ಬಗೆ) ಬದಲಿಸಿ ನೋಡಬೇಕು. ಸಾಧಾರಣ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ದನಿ 150 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗುವುದುಂಟು. ತಾಳವಾದ್ಯದ ಕಾರ್ಯಕ್ರಮಕ್ಕೆ ತಂತಿಯ ಹೆಡ್‌ಫೋನೇ ಸರಿ.